ಬಳ್ಳಿ, ಎಲೆ, ಹಾಡು: ಆಯಾವಾಸ್ಕಾ ಕುರಿತು ಓದುಗರ ಪ್ರಶ್ನೆಗಳು

ಅಮೆಜಾನ್ ಕಾಡಿನ ಮೂಲನಿವಾಸಿಗಳು ಚಿಕಿತ್ಸೆಯಲ್ಲಿ ಬಳಸುವ ಆಯಾವಾಸ್ಕಾ ಬಳ್ಳಿಯ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಪುಟ್ಟ ಟಿಪ್ಪಣಿಯೊಂದು ಬಂದಿತ್ತು. ಅದನ್ನು ಓದಿ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿ, ಔಷಧಶಾಸ್ತ್ರದ ನಿವೃತ್ತ ಪ್ರಾಧ್ಯಾಪಕಿಯೊಬ್ಬರಿಂದ ಉತ್ತರ ಬರೆಸಿದ್ದೇವೆ.

ಮೇಡಂ, ಇದು ಯಾವ ಕುಟುಂಬದ ಬಳ್ಳಿ? ನಮ್ಮ ಸಹ್ಯಾದ್ರಿಯಲ್ಲಿ ಇದರ ನೆಂಟರು ಯಾರಾದರೂ ಇದ್ದಾರೆಯೇ?
— ನಿವೃತ್ತ ಸಸ್ಯಶಾಸ್ತ್ರ ಉಪನ್ಯಾಸಕರು, ಶಿರಸಿ

ಇದ್ದಾರೆ, ನಿಮಗೆ ಚೆನ್ನಾಗಿ ಪರಿಚಯ ಇರುವವರೇ. ಮಾಧವಿ ಲತೆ. ಆಯಾವಾಸ್ಕಾದ ಶಾಸ್ತ್ರೀಯ ಹೆಸರು ಬ್ಯಾನಿಸ್ಟೀರಿಯಾಪ್ಸಿಸ್ ಕಾಪಿ. ಅದೂ ಮಾಧವಿಯೂ ಮಾಲ್ಪಿಘಿಯೇಸಿ ಕುಟುಂಬಕ್ಕೆ ಸೇರಿದವು. ಎರಡರ ಕಾಯಿಗೂ ಗಾಳಿಯಲ್ಲಿ ತಿರುಗುತ್ತ ಹಾರುವ ರೆಕ್ಕೆ ಇದೆ. ಹಾಗಂತ ಯಾರೂ ಮಾಧವಿಯ ಕಾಂಡ ಕಡಿದು ಒಲೆಗೆ ಇಡಬೇಡಿ. ಕುಟುಂಬ ಒಂದಾದ ಮಾತ್ರಕ್ಕೆ ಗುಣವೂ ಒಂದೇ ಆಗುವುದಿಲ್ಲ.

ಆಯಾವಾಸ್ಕಾ ಕಷಾಯಕ್ಕೆ ಸಾಮಾನ್ಯವಾಗಿ ಎರಡು ಗಿಡ ಬೇಕು. ಬಳ್ಳಿಯ ಕಾಂಡ ಒಂದು. ಪೆರು, ಬ್ರೆಜಿಲ್ ಕಡೆ ಅದಕ್ಕೆ ಚಕ್ರೂನಾ ಎಂಬ ಪೊದೆಯ ಎಲೆ ಸೇರಿಸುತ್ತಾರೆ. ಚಕ್ರೂನಾ ಕಾಫಿಯ ಕುಟುಂಬದ್ದು. ಕೊಲಂಬಿಯಾ, ಈಕ್ವೆಡಾರ್‌ಗಳಲ್ಲಿ ಈ ಕಷಾಯಕ್ಕೆ ಯಾಹೆ ಎನ್ನುತ್ತಾರೆ, ಅಲ್ಲಿ ಎಲೆಯೂ ಬೇರೆ: ಚಾಲಿಪೊಂಗಾ ಎಂಬ ಇನ್ನೊಂದು ಬಳ್ಳಿಯದು.

ಕಾಯಿಸುವ ಕೆಲಸ ಇಡೀ ದಿನದ್ದು. ಬ್ರೆಜಿಲ್‌ನ ಆಕ್ರೆ ರಾಜ್ಯದಲ್ಲಿ ಹುಟ್ಟಿದ ಸಾಂತೊ ದೈಮೆ ಪಂಥದಲ್ಲಿ ಗಂಡಸರು ಸಾಲಾಗಿ ಕೂತು ಮರದ ಕೊಡತಿಯಿಂದ ಕಾಂಡ ಜಜ್ಜುತ್ತಾರೆ, ಹೆಂಗಸರು ಎಲೆಗಳನ್ನು ಒಂದೊಂದಾಗಿ ಒರೆಸಿ ಹುಳ, ಮಣ್ಣು ತೆಗೆಯುತ್ತಾರೆ. ಆಮೇಲೆ ದೊಡ್ಡ ಹಂಡೆಯಲ್ಲಿ ಒಂದು ಪದರ ನಾರು, ಒಂದು ಪದರ ಎಲೆ ಹಾಸಿ, ನೀರು ಹೊಯ್ದು ಗಂಟೆಗಟ್ಟಲೆ ಕುದಿಸಿ, ಸೋಸಿ, ಮತ್ತೆ ಬತ್ತಿಸುತ್ತಾರೆ. ಕೊನೆಗೆ ಉಳಿಯುವುದು ಕಂದು ಬಣ್ಣದ, ಗಂಟಲಿಗೆ ಹತ್ತುವ ಕಹಿ ರಸ. ಅದರ ರುಚಿ ಹೊಗಳಿದವರನ್ನು ನಾನು ಎಲ್ಲೂ ಓದಿಲ್ಲ.

ಎಲೆಯಲ್ಲಿರುವ ಡಿಎಂಟಿ ಎಂಬ ಭ್ರಮೆ ಹುಟ್ಟಿಸುವ ಸತ್ವ ಬಾಯಿಯಿಂದ ತೆಗೆದುಕೊಂಡರೆ ಕೆಲಸ ಮಾಡುವುದಿಲ್ಲ, ಬಳ್ಳಿ ಜೊತೆಗಿದ್ದರೆ ಮಾತ್ರ ಮಾಡುತ್ತದೆ ಎಂದು ಓದಿದೆ. ಅಷ್ಟು ದೊಡ್ಡ ಕಾಡಿನಲ್ಲಿ ಸರಿಯಾಗಿ ಈ ಎರಡನ್ನೇ ಜೋಡಿಸಿದ್ದು ಹೇಗೆ ಸಾಧ್ಯ?
— ಬಿ.ಫಾರ್ಮ ವಿದ್ಯಾರ್ಥಿನಿ, ಹುಬ್ಬಳ್ಳಿ

ಮೊದಲರ್ಧ ಸರಿ. ನಮ್ಮ ಕರುಳು ಮತ್ತು ಯಕೃತ್ತಿನಲ್ಲಿ ಮೊನೊಅಮೈನ್ ಆಕ್ಸಿಡೇಸ್ ಎಂಬ ಕಿಣ್ವ ಇದೆ. ನುಂಗಿದ ಡಿಎಂಟಿಯನ್ನು ಅದು ಮಿದುಳು ಮುಟ್ಟುವ ಮೊದಲೇ ಒಡೆದುಹಾಕುತ್ತದೆ. ಬಳ್ಳಿಯಲ್ಲಿರುವ ಹಾರ್ಮಿನ್, ಹಾರ್ಮಲಿನ್‌ಗಳು ಆ ಕಿಣ್ವವನ್ನು ಕೆಲವು ಗಂಟೆಗಳ ಮಟ್ಟಿಗೆ ಕೈಕಟ್ಟಿ ಕೂರಿಸುತ್ತವೆ. ಆಗ ಎಲೆಯ ಸತ್ವ ರಕ್ತಕ್ಕೆ ಇಳಿಯುತ್ತದೆ. ಕುಡಿದ ಅರ್ಧ ಮುಕ್ಕಾಲು ಗಂಟೆಯಲ್ಲಿ ಶುರುವಾಗಿ ಸುಮಾರು ನಾಲ್ಕು ಗಂಟೆ ಇರುತ್ತದೆ ಪರಿಣಾಮ.

ಎರಡನೆಯ ಅರ್ಧದ ಬಗ್ಗೆ ನನಗೆ ತಕರಾರಿದೆ. ಈ ಪ್ರಶ್ನೆ ಪ್ರತಿ ಸಾಕ್ಷ್ಯಚಿತ್ರದಲ್ಲೂ ಬರುತ್ತದೆ. ಇಷ್ಟು ಸಾವಿರ ಗಿಡ, ಅದರಲ್ಲಿ ಎರಡೇ ಎರಡು, ಪವಾಡವಲ್ಲದೆ ಮತ್ತೇನು ಎಂದು. ಆದರೆ ಯಾರೂ ಕಣ್ಣುಮುಚ್ಚಿ ಜೋಡಿ ಹುಡುಕಲು ಕೂತಿರಲಿಲ್ಲ. ಬಳ್ಳಿಯೊಂದನ್ನೇ ಕುಡಿಯುವ ಜನ ಇದ್ದಾರೆ. ಎಲೆ ಇಲ್ಲದೆಯೂ ಅದಕ್ಕೆ ತನ್ನದೇ ಪರಿಣಾಮ ಇದೆ, ವಾಂತಿ ಭೇದಿ ಮಾಡಿಸುವ ಶಕ್ತಿ ಇದೆ. ವೈದ್ಯರಿಗೆ ಬಳ್ಳಿಯೇ ಗುರು. ಬೇರೆ ಗಿಡದ ಗುಣ ತಿಳಿಯಬೇಕಾದರೆ ಅದನ್ನು ಬಳ್ಳಿಯ ರಸಕ್ಕೆ ಸೇರಿಸಿ ಕುಡಿದು ನೋಡುವುದು ಅವರ ಪದ್ಧತಿ. ಹೀಗೆ ಸೇರಿಸಿದ ಗಿಡಗಳು ಹತ್ತಾರು ದಾಖಲಾಗಿವೆ. ಬಳ್ಳಿ ಮೊದಲೇ ಪಾತ್ರೆಯಲ್ಲಿದ್ದ ಮೇಲೆ ಚಕ್ರೂನಾ ಸಿಗುವುದು ಅಂಥ ಅಸಾಧ್ಯದ ಮಾತಲ್ಲ. ಗಿಡಗಳೇ ಹೇಳಿಕೊಟ್ಟವು ಎಂದು ಅವರು ಅನ್ನುವಾಗ ಈ ಕ್ರಮವನ್ನೂ ಸೇರಿಸಿಯೇ ಅನ್ನುತ್ತಿರಬಹುದು ಎಂಬುದು ನನ್ನ ಊಹೆ.

ಇಂಗ್ಲಿಷ್ ಸಸ್ಯಶಾಸ್ತ್ರಜ್ಞ ರಿಚರ್ಡ್ ಸ್ಪ್ರೂಸ್ 1852ರಲ್ಲಿ ಬ್ರೆಜಿಲ್‌ನ ವೌಪೆಸ್ ನದಿಯ ದಂಡೆಯಲ್ಲಿ ಕಂಡದ್ದನ್ನು ನೋಡಿ. ಅಲ್ಲಿ ಬಳ್ಳಿಯನ್ನು ನೀರು ಹಾಕಿ ಒರಳಲ್ಲಿ ಕುಟ್ಟಿ ಜರಡಿ ಹಿಡಿದರು, ಅಷ್ಟೇ. ಕುದಿಸುವುದೂ ಇಲ್ಲ, ಚಕ್ರೂನಾ ಎಲೆಯೂ ಇಲ್ಲ. ಅತಿಥಿಯಾಗಿದ್ದ ಸ್ಪ್ರೂಸ್‌ಗೂ ಒಂದು ಬಟ್ಟಲು ಬಂತು. ಅದನ್ನು ಹೇಗೋ ಇಳಿಸುವಷ್ಟರಲ್ಲಿ ಮನೆಯವರು ಮರಗೆಣಸಿನ ಹುಳಿ ಮದ್ಯ ತುಂಬಿದ ಬುರುಡೆ ತಂದು ಕೈಗಿಟ್ಟರು. ಹಿಂದೆಯೇ ಮುಂಗೈ ಗಾತ್ರದ ಚುಟ್ಟಾ. ಅದರ ಮೇಲೆ ತಾಳೆಹಣ್ಣಿನ ಹೆಂಡ. ಪಾಪ, ಬಳ್ಳಿಯ ಪರಿಣಾಮ ಯಾವುದು, ಮಿಕ್ಕಿದ್ದರದು ಯಾವುದು ಎಂದು ವಿಜ್ಞಾನಿಗೆ ಗೊತ್ತಾಗುವ ಸ್ಥಿತಿಯೇ ಉಳಿಯಲಿಲ್ಲ. ಆದರೂ ಕಾಂಡದ ತುಂಡುಗಳನ್ನು ಮರೆಯದೆ ಇಂಗ್ಲೆಂಡಿಗೆ ಕಳಿಸಿದ. ಶತಮಾನ ಕಳೆದ ಮೇಲೆ, 1969ರಲ್ಲಿ ಅವನ್ನು ಪರೀಕ್ಷಿಸಿದಾಗ ಆಲ್ಕಲಾಯ್ಡ್ ಇನ್ನೂ ಅವುಗಳಲ್ಲಿತ್ತು.

ಕುಡಿದವರೆಲ್ಲ ವಾಂತಿ ಮಾಡಿಕೊಳ್ಳುತ್ತಾರಂತೆ. ಇದನ್ನು ಚಿಕಿತ್ಸೆ ಅನ್ನುವುದು ಹೇಗೆ? ಆ ರಾತ್ರಿ ಅಲ್ಲಿ ನಡೆಯುವುದೇನು?
— ಗೃಹಿಣಿ, ಮೈಸೂರು

ಅಲ್ಲಿಯ ಜನ ಈ ಕಷಾಯವನ್ನು ಸ್ಪ್ಯಾನಿಷ್‌ನಲ್ಲಿ ಸುಮ್ಮನೆ ‘ಲಾ ಪೂರ್ಗಾ’ ಎಂದೂ ಕರೆಯುತ್ತಾರೆ. ಹೊಟ್ಟೆ ತೊಳೆಯುವ ಮದ್ದು ಎಂದರ್ಥ. ವಾಂತಿ ಅವರಿಗೆ ಅಡ್ಡಪರಿಣಾಮ ಅಲ್ಲ, ಮದ್ದು ಹಿಡಿದದ್ದರ ಗುರುತು. ವಮನ, ವಿರೇಚನ ಕಂಡಿರುವ ನಮಗೆ ಇದು ಅಷ್ಟೇನೂ ವಿಚಿತ್ರವಾಗಬಾರದು.

ಪೆರುವಿನ ಉಕಯಾಲಿ ನದಿಯ ಶಿಪಿಬೊ ಜನರ ಪದ್ಧತಿಯನ್ನೇ ಹೇಳುತ್ತೇನೆ. ಆಚರಣೆ ನಡೆಯುವುದು ಕತ್ತಲಾದ ಮೇಲೆ. ದೀಪ ಆರಿಸುತ್ತಾರೆ. ವೈದ್ಯ ಅಥವಾ ವೈದ್ಯೆ — ಹೆಂಗಸರೂ ಈ ಕೆಲಸದಲ್ಲಿ ಪಳಗಿದವರಿದ್ದಾರೆ — ಮಪಾಚೊ ಎಂಬ ಖಾರ ಹೊಗೆಸೊಪ್ಪು ಸೇದಿ ಕಷಾಯದ ಬಾಟಲಿಯೊಳಕ್ಕೆ ಹೊಗೆ ಊದುತ್ತಾರೆ, ಅದಕ್ಕೆ ಸಣ್ಣಗೆ ಹಾಡುತ್ತಾರೆ, ಆಮೇಲೆ ಕುಡಿಯುತ್ತಾರೆ. ಅರ್ಧ ಗಂಟೆ ಮೌನ. ಅಮಲು ಏರತೊಡಗಿದಾಗ ಹಾಡು ಶುರು. ಈ ಹಾಡಿಗೆ ಇಕಾರೊ ಎಂದು ಹೆಸರು. ರೋಗಿಯ ಎದುರು ಕೂತು ಅವರವರ ಕಾಯಿಲೆಗೆ ತಕ್ಕ ಹಾಡು ಹೇಳುತ್ತಾರೆ. ನಡುವೆ ತಲೆಯ ಮೇಲೆ, ಅಂಗೈಗೆ ಹೊಗೆ ಊದುತ್ತಾರೆ, ಅಂಗಡಿಯಲ್ಲಿ ಸಿಗುವ ‘ಅಗ್ವಾ ಫ್ಲೋರಿದಾ’ ಸೆಂಟು ಚಿಮುಕಿಸುತ್ತಾರೆ. ಸೆಂಟಿನ ಬಾಟಲಿ ಕಂಡು ಪ್ರವಾಸಿಗಳು ಇದೇನು ನಕಲಿಯೋ ಎಂದು ಮುಖ ಸಿಂಡರಿಸುವುದುಂಟು. ವೈದ್ಯರಿಗೆ ಆ ಚಿಂತೆ ಇಲ್ಲ.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಬೇರೆ. ಹಳೆಯ ಪದ್ಧತಿಯಲ್ಲಿ ಎಷ್ಟೋ ಕಡೆ ಕುಡಿಯುತ್ತಿದ್ದದ್ದು ವೈದ್ಯ, ರೋಗಿಯಲ್ಲ. ಕಷಾಯ ರೋಗ ಎಲ್ಲಿದೆ ಎಂದು ನೋಡುವ ಸಾಧನ. ವಾಸಿ ಮಾಡುವುದು ಹಾಡು, ಹೊಗೆ, ಗಿಡಮೂಲಿಕೆ, ಪಥ್ಯ. ಆ ಹಾಡು ಕಲಿಯಲು ಶಿಷ್ಯ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಉಪ್ಪು, ಸಕ್ಕರೆ, ಹಂದಿಮಾಂಸ, ಮದ್ಯ, ಸಂಸಾರ ಬಿಟ್ಟು ಕಾಡಿನ ಗುಡಿಸಿಲಲ್ಲಿ ಒಂದೊಂದೇ ಗಿಡದ ರಸ ಕುಡಿಯುತ್ತ ಇರಬೇಕು. ಎಲ್ಲರಿಗೂ ಒಂದೊಂದು ಲೋಟ ಹಂಚಿ ಚಾಪೆಯ ಮೇಲೆ ಮಲಗಿಸುವ ಕ್ರಮ ಬಹುಮಟ್ಟಿಗೆ ಹೊರಗಿನವರು ಬರತೊಡಗಿದ ಮೇಲಿನದು.

ಇನ್ನೊಂದು ಮಾತು. ಇದೆಲ್ಲ ಬರೀ ಶಾಂತಿ, ಪ್ರೀತಿ ಎಂದು ತಿಳಿಯಬೇಡಿ. ಬೇಟೆ ಎಲ್ಲಿ ಸಿಗುತ್ತದೆ, ಮಾಟ ಮಾಡಿದವರು ಯಾರು ಎಂದು ತಿಳಿಯಲೂ ಕುಡಿಯುತ್ತಿದ್ದರು. ಈಕ್ವೆಡಾರ್‌ನ ಶುವಾರ್ ಜನರ ನಂಬಿಕೆಯಲ್ಲಿ ಕಾಯಿಲೆ ಎಂದರೆ ಯಾರೋ ಮೈಯೊಳಕ್ಕೆ ಹೊಡೆದ ಕಾಣದ ಬಾಣ. ಅದನ್ನು ಕೀಳುವವನೂ ಮಾಂತ್ರಿಕ, ಹೊಡೆದವನೂ ಮಾಂತ್ರಿಕ.

ವೇದದ ಸೋಮರಸ ಇದೇ ಇರಬಹುದೇ?
— ಓದುಗರು, ಕಲಬುರಗಿ

ಅಲ್ಲ. ಈ ಬಳ್ಳಿ ದಕ್ಷಿಣ ಅಮೆರಿಕದ್ದು. ಸೋಮ ಯಾವ ಗಿಡ ಎಂಬ ಜಗಳ ಇನ್ನೂ ತೀರಿಲ್ಲ. 1968ರಲ್ಲಿ ಸಂಶೋಧಕ ಗಾರ್ಡನ್ ವಾಸನ್ ಕೆಂಪು ಅಣಬೆ ಎಂದ, ಹಲವರು ಎಫೆಡ್ರಾ ಎಂದರು, 1989ರಲ್ಲಿ ಫ್ಲಾಟರಿ ಮತ್ತು ಶ್ವಾರ್ಟ್ಸ್ ಎಂಬ ವಿದ್ವಾಂಸರು ಸೋಮದ ಜೋಡಿಯಾದ ಇರಾನಿನ ಹವೋಮ ಎಂದರೆ ಹರ್ಮಲ್ ಗಿಡ ಎಂದರು. ಈ ಮೂರನೆಯದರಲ್ಲಿ ಮಾತ್ರ ಒಂದು ಎಳೆ ಸಂಬಂಧ ಇದೆ. ಹಾರ್ಮಿನ್ ಮೊದಲು ಸಿಕ್ಕಿದ್ದು ಹರ್ಮಲ್ ಬೀಜದಲ್ಲಿ, 1840ರ ದಶಕದಲ್ಲಿ. ಅಮೆಜಾನ್ ಬಳ್ಳಿಯಿಂದ ತೆಗೆದ ಸತ್ವಕ್ಕೆ ದೂರದ ಮನಸ್ಸು ಓದಿಸುತ್ತದೆಂದು ‘ಟೆಲಿಪಥೀನ್’ ಎಂಬ ಭಾರೀ ಹೆಸರಿಟ್ಟು ಮೆರೆಸಿದರು. 1920ರ ದಶಕದ ಕೊನೆಗೆ ನೋಡಿದರೆ ಅದು ಅದೇ ಹಳೆಯ ಹಾರ್ಮಿನ್. ಇರಾನಿನಲ್ಲಿ ಇವತ್ತಿಗೂ ಹರ್ಮಲ್ ಬೀಜವನ್ನು ಕೆಂಡಕ್ಕೆ ಹಾಕಿ ಮಕ್ಕಳಿಗೆ ದೃಷ್ಟಿ ತೆಗೆಯುತ್ತಾರೆ.

ಐದು ಸಾವಿರ ವರ್ಷದ ಪರಂಪರೆ ಎಂದು ಎಲ್ಲ ಕಡೆ ಬರೆಯುತ್ತಾರೆ. ಪುರಾವೆ ಇದೆಯೇ?
— ಪ್ರೌಢಶಾಲಾ ಶಿಕ್ಷಕರು, ದಾವಣಗೆರೆ

ಆ ಅಂಕಿಗೆ ಗಟ್ಟಿ ಆಧಾರ ಇಲ್ಲ. ಇರುವ ಒಳ್ಳೆಯ ಪುರಾವೆ ಬೊಲಿವಿಯಾದ ಒಂದು ಗವಿಯದು. ಸುಮಾರು ಸಾವಿರ ವರ್ಷ ಹಳೆಯ ಚರ್ಮದ ಗಂಟು ಸಿಕ್ಕಿತು. ಅದರಲ್ಲಿ ನಶ್ಯದ ಹಲಗೆಗಳು, ಕೊಳವೆ, ಮೂರು ನರಿಗಳ ಮೂತಿಯ ಚರ್ಮ ಹೊಲಿದು ಮಾಡಿದ ಸಂಚಿ. 2019ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಆ ಸಂಚಿಯೊಳಗೆ ಕೊಕೇನ್ ಜೊತೆ ಹಾರ್ಮಿನ್, ಡಿಎಂಟಿ ಎರಡರ ಕುರುಹೂ ಸಿಕ್ಕವು. ಎರಡನ್ನೂ ಒಟ್ಟಿಗೆ ಕಾಯಿಸಿ ಕುಡಿಯುತ್ತಿದ್ದರು ಎಂದು ಇದರಿಂದ ಸಾಬೀತಾಗುವುದಿಲ್ಲ. ಜೊತೆಗೆ, ಆ ಗವಿ ಇರುವುದು ಮಳೆಕಾಡಿನಲ್ಲಲ್ಲ, ಎತ್ತರದ ಒಣ ಬೆಟ್ಟಸೀಮೆಯಲ್ಲಿ. ಅಂದರೆ ಈ ಸರಕು ದೂರ ದೂರ ಹೋಗುತ್ತಿತ್ತು.

ಇದಕ್ಕೆ ಎದುರಾಗಿ, ಇಂದು ನಾವು ಕಾಣುವ ಚಿಕಿತ್ಸಾ ಪದ್ಧತಿ ಪಾದ್ರಿಗಳ ನೆಲೆಗಳಲ್ಲಿ, ನದಿಪೇಟೆಗಳಲ್ಲಿ ರೂಪುಗೊಂಡು ರಬ್ಬರ್ ವ್ಯಾಪಾರದ ಕಾಲದಲ್ಲಿ ಹರಡಿತು ಎಂದು ಮಾನವಶಾಸ್ತ್ರಜ್ಞ ಪೀಟರ್ ಗೌ 1990ರ ದಶಕದಲ್ಲಿ ವಾದಿಸಿದರು. ನನಗೆ ಈ ವಾದದಲ್ಲಿ ಹುರುಳು ಕಾಣುತ್ತದೆ. ರಬ್ಬರ್ ಹಾಲು ತೆಗೆಯಲು ಬಂದ ಕೂಲಿಗಳು ಮೂಲನಿವಾಸಿಗಳಿಂದ ಕಲಿತು ತಮ್ಮದೇ ಪಂಥ ಕಟ್ಟಿದ ಉದಾಹರಣೆ ಕಣ್ಣೆದುರಿಗೇ ಇದೆ: ರೈಮುಂದೊ ಇರಿನೆಯು ಸೆರ್ರಾ ಎಂಬ ಕಪ್ಪು ಕೂಲಿ 1930ರಲ್ಲಿ ಸಾಂತೊ ದೈಮೆ ಸ್ಥಾಪಿಸಿದ, 1961ರಲ್ಲಿ ಜೋಸೆ ಗಾಬ್ರಿಯೆಲ್ ಎಂಬ ಇನ್ನೊಬ್ಬ ರಬ್ಬರ್ ಕೂಲಿ ‘ಯುನಿಯಾವ್ ದೊ ವೆಜೆತಾಲ್’ ಕಟ್ಟಿದ. ಪರಂಪರೆ ಬದಲಾಯಿತು ಎಂದ ಮಾತ್ರಕ್ಕೆ ಅದು ಸುಳ್ಳು ಎಂದಲ್ಲ, ಮಕ್ಕಳಿಗೆ ಹಾಗೆ ಹೇಳಬೇಡಿ.

ನನ್ನ ತಮ್ಮನಿಗೆ ಖಿನ್ನತೆ, ಎರಡು ವರ್ಷದಿಂದ ಎಸ್ಸಿಟಾಲೊಪ್ರಾಮ್ ಮಾತ್ರೆ ನಡೆಯುತ್ತಿದೆ. ಪೆರುವಿನ ಒಂದು ಶಿಬಿರಕ್ಕೆ ದುಡ್ಡು ಕಟ್ಟಿದ್ದಾನೆ. ‘ಒಂದೇ ರಾತ್ರಿಯಲ್ಲಿ ಹತ್ತು ವರ್ಷದ ಕೌನ್ಸೆಲಿಂಗ್ ಆದ ಹಾಗೆ’ ಅನ್ನುತ್ತಾನೆ. ಏನು ಹೇಳಲಿ ಮೇಡಂ?
— ಹೆಸರು ಬೇಡ, ಬೆಂಗಳೂರು

ಮೊದಲು ಇದನ್ನು ಹೇಳಿ: ಆ ಮಾತ್ರೆ ಮೈಯಲ್ಲಿ ಇರುವಾಗ ಈ ಕಷಾಯ ಕುಡಿದರೆ ಪ್ರಾಣಕ್ಕೇ ಅಪಾಯ. ಎಸ್ಸಿಟಾಲೊಪ್ರಾಮ್ ಮಿದುಳಿನಲ್ಲಿ ಸೆರೊಟೋನಿನ್ ಉಳಿಯುವಂತೆ ಮಾಡುತ್ತದೆ. ಬಳ್ಳಿ ಸೆರೊಟೋನಿನ್ ಒಡೆಯುವ ಕಿಣ್ವವನ್ನೇ ತಡೆಯುತ್ತದೆ. ಎರಡೂ ಸೇರಿದರೆ ಸೆರೊಟೋನಿನ್ ಸಿಂಡ್ರೋಮ್ ಬರಬಹುದು: ತಳಮಳ, ನಡುಕ, ಬೆವರು, ಏರುವ ಜ್ವರ ಮತ್ತು ರಕ್ತದೊತ್ತಡ, ಫಿಟ್ಸ್. ಹತ್ತಿರದ ಆಸ್ಪತ್ರೆಗೆ ದೋಣಿಯಲ್ಲಿ ಅರ್ಧ ದಿನ ಹೋಗಬೇಕಾದ ಜಾಗದಲ್ಲಿ ಇದು ಆಗುವುದು ಬೇಡ. ನೋವಿಗೆ ಕೊಡುವ ಟ್ರಮಡಾಲ್, ಕೆಲವು ಕೆಮ್ಮಿನ ಸಿರಪ್‌ಗಳಲ್ಲಿರುವ ಡೆಕ್ಸ್‌ಟ್ರೊಮೆಥಾರ್ಫನ್ ಕೂಡ ಇದೇ ಸಾಲಿಗೆ ಸೇರಿದವು.

ಎರಡನೆಯದು ಇನ್ನೂ ಮುಖ್ಯ. ‘ಹಾಗಾದರೆ ಮಾತ್ರೆ ಬಿಟ್ಟೇ ಹೋಗುತ್ತೇನೆ’ ಎಂದಾನು. ತಾನೇ ನಿಲ್ಲಿಸಕೂಡದು. ಏಕಾಏಕಿ ಬಿಟ್ಟರೆ ತಲೆಸುತ್ತು, ನಿದ್ದೆಗೆಡುವುದು, ಖಿನ್ನತೆ ದುಪ್ಪಟ್ಟಾಗಿ ಮರಳುವುದು ಎಲ್ಲ ಆಗಬಹುದು. ಅಂಥ ಹೊತ್ತಿನಲ್ಲಿ ಪರದೇಶದ ಕಾಡಿನಲ್ಲಿ ಒಬ್ಬನೇ ಇರುವುದನ್ನು ಯೋಚಿಸಿ. ಅವನಿಗಾಗಲಿ ಮನೆಯಲ್ಲಿ ಯಾರಿಗಾಗಲಿ ಬೈಪೋಲಾರ್, ಸ್ಕಿಜೋಫ್ರೇನಿಯಾ ಇದ್ದರೆ ಈ ವಿಚಾರ ಪೂರ್ತಿ ಕೈಬಿಡಬೇಕು. ಹೃದಯದ ತೊಂದರೆ, ರಕ್ತದೊತ್ತಡ ಇದ್ದರೂ ಅಷ್ಟೇ.

ಅವನು ಸಂಶೋಧನೆ ತೋರಿಸಿಯಾನು. ಅದು ಸುಳ್ಳಲ್ಲ. ಬ್ರೆಜಿಲ್‌ನ ನತಾಲ್ ನಗರದಲ್ಲಿ ಮಾತ್ರೆಗೆ ಬಗ್ಗದ ಖಿನ್ನತೆಯ 29 ರೋಗಿಗಳ ಮೇಲೆ ಪ್ರಯೋಗ ನಡೆಯಿತು. ಒಂದೇ ಸಲ ಕೊಟ್ಟ ಕಷಾಯಕ್ಕೆ ಏಳನೆಯ ದಿನ ಶೇ. 64 ಜನರಲ್ಲಿ ಗಣನೀಯ ಸುಧಾರಣೆ ಕಂಡಿತು. ಹುಸಿ ಮದ್ದು ಕುಡಿದವರಲ್ಲಿ ಶೇ. 27. ಆಶೆ ಹುಟ್ಟಿಸುವ ಫಲಿತಾಂಶವೇ. ಆದರೆ ಅದು ಆಸ್ಪತ್ರೆಯಲ್ಲಿ, ವೈದ್ಯರ ಕಣ್ಣೆದುರು, ಹಳೆಯ ಮಾತ್ರೆಗಳನ್ನು ಕ್ರಮವಾಗಿ ನಿಲ್ಲಿಸಿದ ಮೇಲೆ, ಅಳೆದ ಪ್ರಮಾಣದಲ್ಲಿ ನಡೆದದ್ದು. 29 ಜನ ಅಂದರೆ ಒಂದು ಮಿನಿ ಬಸ್ಸು ತುಂಬುವಷ್ಟು. ಏಳು ದಿನದ ಲೆಕ್ಕವನ್ನು ಹತ್ತು ವರ್ಷಕ್ಕೆ ಹಿಗ್ಗಿಸುವುದು ಜಾಹೀರಾತಿನವರ ಕೆಲಸ.

ಶಿಬಿರದ ಕಷಾಯದಲ್ಲಿ ಏನಿದೆ ಎಂದು ಹೇಳುವವರೂ ಇಲ್ಲ. ಅಮಲು ಜೋರಾಗಲಿ ಎಂದು ತೊಏ ಎಂಬ ಗಿಡ ಸೇರಿಸುವವರಿದ್ದಾರೆ. ಅದು ನಮ್ಮ ಉಮ್ಮತ್ತಿಯ ನೆಂಟ, ಸ್ಕೊಪೊಲಮೀನ್ ಇರುವ ವಿಷ. ಕತ್ತಲಲ್ಲಿ, ಮೈಮೇಲೆ ಎಚ್ಚರ ಇಲ್ಲದವರ ಮೇಲೆ, ಮುಖ್ಯವಾಗಿ ಹೆಣ್ಣುಮಕ್ಕಳ ಮೇಲೆ, ವೈದ್ಯರ ವೇಷದವರು ಕೈಮಾಡಿದ ಪ್ರಕರಣಗಳೂ ಆಗಿವೆ. ಹಳ್ಳಿಯಲ್ಲಿ ವೈದ್ಯ ತಪ್ಪಿದರೆ ಕೇಳಲು ಅವನ ಊರಿದೆ, ನೆಂಟರಿದ್ದಾರೆ. ವೆಬ್‌ಸೈಟ್ ನೋಡಿ ಬಂದವರಿಗೆ ಯಾರಿದ್ದಾರೆ?

ಅವನ ಜೊತೆ ಜಗಳ ಆಡಬೇಡಿ. ಮಾತ್ರೆ ಸಾಲದು ಅನ್ನಿಸಿದ್ದರಿಂದಲೇ ದೂರದ್ದನ್ನು ಹುಡುಕಿದ್ದಾನೆ. ಮನೋವೈದ್ಯರ ಹತ್ತಿರ ಜೊತೆಗೆ ಹೋಗಿ, ‘ಇದು ನನಗೆ ನಾಟುತ್ತಿಲ್ಲ’ ಎಂದು ಅವನ ಬಾಯಲ್ಲೇ ಹೇಳಿಸಿ. ಬದಲಿ ಚಿಕಿತ್ಸೆಗಳು ಇವೆ. ರಾತ್ರಿ ಹೊತ್ತು ಕಷ್ಟವಾದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಕಟ್ಟಿದ ದುಡ್ಡು ಹೋದರೆ ಹೋಗಲಿ.

ಅಮೆರಿಕದಲ್ಲಿ ಇದಕ್ಕೆ ಸುಪ್ರೀಂ ಕೋರ್ಟೇ ಅನುಮತಿ ಕೊಟ್ಟಿದೆ. ರಜೆಗೆ ಬಂದಾಗ ಬೆಂಗಳೂರಿನ ಹೊರವಲಯದ ರೆಸಾರ್ಟಿನಲ್ಲಿ ‘ಸೆರಮನಿ’ ಇದೆ ಎಂದು ಗೆಳೆಯರು ಕರೆದರು. ಇಲ್ಲಿಯ ಕಾನೂನು ಏನು?
— ಕನ್ನಡಿಗರು, ನ್ಯೂಜೆರ್ಸಿ

2006ರ ಆ ತೀರ್ಪು ಯುನಿಯಾವ್ ದೊ ವೆಜೆತಾಲ್ ಚರ್ಚಿನ ಪೂಜೆಗೆ ಸಿಕ್ಕ ರಕ್ಷಣೆ. ವಾರಾಂತ್ಯದ ಗಿರಾಕಿಗಳಿಗಲ್ಲ. ಪೆರು 2008ರಲ್ಲಿ ಮೂಲನಿವಾಸಿಗಳ ಆಯಾವಾಸ್ಕಾ ಜ್ಞಾನ ಮತ್ತು ಬಳಕೆಯನ್ನು ರಾಷ್ಟ್ರೀಯ ಸಾಂಸ್ಕೃತಿಕ ಪರಂಪರೆ ಎಂದು ಘೋಷಿಸಿದೆ. ಬ್ರೆಜಿಲ್ ಧಾರ್ಮಿಕ ಬಳಕೆಗೆ ಬಿಟ್ಟು ಮಾರಾಟ ನಿಷೇಧಿಸಿದೆ. ಭಾರತದಲ್ಲಿ 1985ರ ಎನ್‌ಡಿಪಿಎಸ್ ಎಂಬ ಮಾದಕವಸ್ತು ತಡೆ ಕಾಯ್ದೆಯ ಪಟ್ಟಿಯಲ್ಲಿ ಡಿಎಂಟಿ ಇದೆ. ಗಿಡದ ಕಷಾಯ ಅಂತಾರಾಷ್ಟ್ರೀಯ ಒಪ್ಪಂದದ ವ್ಯಾಪ್ತಿಗೆ ಬರುವುದಿಲ್ಲ ಎಂಬ ಸೂಕ್ಷ್ಮ ವಾದವೊಂದಿದೆ. ಅದನ್ನು ಪೊಲೀಸ್ ಠಾಣೆಯಲ್ಲಿ ಕೂತು ಮಂಡಿಸುವ ಉತ್ಸಾಹ ನಿಮಗಿದ್ದರೆ ಹೋಗಿ. ಆಮೇಲೆ, ರೆಸಾರ್ಟಿನ ಬಾಟಲಿಯಲ್ಲಿ ಇರುವುದು ಆಯಾವಾಸ್ಕಾವೇ ಎಂದು ನಿಮಗೆ ಹೇಳಿದ್ದು ಯಾರು?

ಅರಿಶಿನ, ಬೇವಿನ ಹಾಗೆ ಇದಕ್ಕೂ ಪೇಟೆಂಟ್ ಜಗಳ ಆಗಿತ್ತಂತೆ?
— ವಕೀಲರು, ಮಂಗಳೂರು

ಆಗಿತ್ತು, ನಮ್ಮದಕ್ಕಿಂತ ಕಹಿಯಾಗಿ ಮುಗಿಯಿತು. 1986ರಲ್ಲಿ ಕ್ಯಾಲಿಫೋರ್ನಿಯಾದ ಲೋರೆನ್ ಮಿಲ್ಲರ್ ಎಂಬಾತನಿಗೆ ‘ಡಾ ವೈನ್’ ಎಂಬ ಹೊಸ ತಳಿಯ ಹೆಸರಿನಲ್ಲಿ ಈ ಬಳ್ಳಿಯ ಮೇಲೆ ಅಮೆರಿಕದ ಸಸ್ಯ ಪೇಟೆಂಟ್ ಸಿಕ್ಕಿತು. ವಿಷಯ ಕಾಡಿನವರಿಗೆ ತಿಳಿಯಲು ವರ್ಷಗಳೇ ಹಿಡಿದವು. 1999ರಲ್ಲಿ ಅಮೆಜಾನ್ ಮೂಲನಿವಾಸಿಗಳ ಒಕ್ಕೂಟ ಕೊಯ್ಕಾ ಆಕ್ಷೇಪಣೆ ಹಾಕಿತು. ಅದೇ ವರ್ಷ ನವೆಂಬರಿನಲ್ಲಿ ಪೇಟೆಂಟ್ ಕಚೇರಿ ಆ ಪೇಟೆಂಟನ್ನು ತಿರಸ್ಕರಿಸಿತು. ಕಾರಣ ಕೇಳಿ: ಇದು ಒಂದು ಜನಾಂಗಕ್ಕೆ ಪವಿತ್ರ ಎಂಬುದಲ್ಲ, ತಲೆಮಾರುಗಳಿಂದ ಬೆಳೆಸುತ್ತಿದ್ದಾರೆ ಎಂಬುದೂ ಅಲ್ಲ. ಷಿಕಾಗೋದ ಫೀಲ್ಡ್ ಮ್ಯೂಸಿಯಂನಲ್ಲಿ ಅಂಟಿಸಿಟ್ಟಿದ್ದ ಒಣ ಮಾದರಿಯಲ್ಲಿ ಇದೇ ಗಿಡ ಮೊದಲೇ ದಾಖಲಾಗಿತ್ತು ಎಂಬುದು! 2001ರಲ್ಲಿ ಮಿಲ್ಲರ್ ವಾದಿಸಿ ಪೇಟೆಂಟನ್ನು ಮರಳಿ ಪಡೆದ. ಎದುರು ಮಾತಾಡಲು ಒಕ್ಕೂಟಕ್ಕೆ ಅವಕಾಶವಿರಲಿಲ್ಲ. 2003ರಲ್ಲಿ ಪೇಟೆಂಟ್ ಅವಧಿ ತೀರಿ ತಾನಾಗಿ ಸತ್ತಿತು.

ಅರಿಶಿನದ ಪೇಟೆಂಟ್ 1997ರಲ್ಲಿ ರದ್ದಾಯಿತಲ್ಲ, ಅಲ್ಲಿ ವಾದಿಸಿದ್ದು ಸಿಎಸ್‌ಐಆರ್. ಬೆನ್ನಿಗೆ ಸರಕಾರ, ಕೈಯಲ್ಲಿ ಸಂಸ್ಕೃತ ಗ್ರಂಥ, ಹಳೆಯ ವೈದ್ಯಕೀಯ ಲೇಖನ. ಹಾಡಿನಲ್ಲಿ ಮಾತ್ರ ಇರುವ ಜ್ಞಾನಕ್ಕೆ ಆ ಕಚೇರಿಯಲ್ಲಿ ಕುರ್ಚಿ ಇಲ್ಲ. ಅದೇ 1999ರಲ್ಲಿ ಕೊಲಂಬಿಯಾದ ಯುರಾಯಾಕೊ ಎಂಬಲ್ಲಿ ಕೊಫಾನ್, ಇಂಗಾ, ಸಿಯೋನಾ, ಕಮ್ಸಾ, ಕೊರೆಗ್ವಾಹೆ ಜನರ ಯಾಹೆ ವೈದ್ಯರು ಸೇರಿ ಉಮಿಯಾಕ್ ಎಂಬ ಸಂಘ ಕಟ್ಟಿಕೊಂಡರು. ಯಾರು ವೈದ್ಯರು, ಯಾರು ಅಲ್ಲ, ಏನು ಮಾಡಬಾರದು ಎಂದು ತಾವೇ ನೀತಿಸಂಹಿತೆ ಬರೆದರು. ವಕೀಲರಾದ ನೀವು ಹುಡುಕಿ ಓದಬೇಕಾದದ್ದು ಅದು.

ಮುಂದಿನ ವರ್ಷ ಮಗಳ ಜೊತೆ ಪೆರುವಿಗೆ ಹೊರಟಿದ್ದೇವೆ. ಕುಡಿಯುವ ಆಸೆ ಇಲ್ಲ. ಈ ಸಂಸ್ಕೃತಿಯನ್ನು ನೋಡಲು ಎಲ್ಲಿಗೆ ಹೋಗಬೇಕು?
— ನಿವೃತ್ತ ಬ್ಯಾಂಕ್ ಉದ್ಯೋಗಿ, ಉಡುಪಿ

ಇಕಿಟೋಸ್ ನಗರಕ್ಕೆ ಹೋಗಿ. ಪೆರುವಿನ ಉಳಿದ ರಸ್ತೆಜಾಲಕ್ಕೆ ಅದು ಸೇರಿಲ್ಲ. ವಿಮಾನ ಇಲ್ಲವೇ ದೋಣಿ. ಅಲ್ಲಿಯ ಬೆಲೆನ್ ಸಂತೆಯಲ್ಲಿ ‘ಪಸಾಹೆ ಪಾಕೀತೊ’ ಎಂಬ ಓಣಿ ಪೂರ್ತಿ ಗಿಡಮೂಲಿಕೆಯದು: ತೊಗಟೆ, ಬೇರು, ಮಪಾಚೊ ಸುರುಳಿ, ಹಳೆಯ ಬಾಟಲಿಗಳಲ್ಲಿ ತುಂಬಿಟ್ಟ ಕಷಾಯ. ನೋಡಿ, ಕೊಳ್ಳಬೇಡಿ, ಸೂಟ್‌ಕೇಸಿನಲ್ಲಿ ಬಳ್ಳಿಯ ತುಂಡು ತರುವುದಂತೂ ಬೇಡವೇ ಬೇಡ. ಪುಕಾಲ್ಪಾ ಊರಿನ ಕಡೆ ಹೋದರೆ ಶಿಪಿಬೊ ಹೆಂಗಸರು ಕೆನೇ ಚಿತ್ತಾರದ ಬಟ್ಟೆ ಮಾರುತ್ತಾರೆ. ನಮ್ಮ ಕಸೂತಿಯ ಹಾಗೆ ಎಳೆ ಹಿಡಿದು ಹೋದರೆ ಎಲ್ಲೂ ಕಡಿಯದ, ಮೂಲೆ ಮೂಲೆಗೂ ತಿರುಗುವ ಗೆರೆಗಳು. ಇದೂ 2008ರಿಂದ ಪೆರುವಿನ ರಾಷ್ಟ್ರೀಯ ಪರಂಪರೆ. ಚೌಕಾಸಿ ಮಿತಿಯಲ್ಲಿರಲಿ. ಪುಕಾಲ್ಪಾದ ಪಾಬ್ಲೊ ಅಮರಿಂಗೊ ಎಂಬ ಮಾಜಿ ವೈದ್ಯ ತಾನು ಕಂಡ ದರ್ಶನಗಳನ್ನು ಚಿತ್ರ ಬರೆದು ಪ್ರಸಿದ್ಧನಾದ, ಅವನ ಚಿತ್ರಗಳ ಪುಸ್ತಕ 1991ರಲ್ಲೇ ಬಂದಿದೆ. ಹೊರಡುವ ಮೊದಲು ಮಗಳಿಗೆ ತೋರಿಸಿ.

ಹಳದಿ ಜ್ವರದ ಲಸಿಕೆಯನ್ನು ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮೊದಲು ಹಾಕಿಸಿಕೊಳ್ಳಬೇಕು. ಅರವತ್ತು ದಾಟಿದವರು ವೈದ್ಯರನ್ನು ಕೇಳಿಯೇ ಹಾಕಿಸಿಕೊಳ್ಳಿ. ಪೆರುವಿನಿಂದ ನೇರ ಮರಳುವಾಗ ಲಸಿಕೆಯ ಕಾರ್ಡ್ ಕೈಯಲ್ಲಿಲ್ಲದಿದ್ದರೆ ನಮ್ಮ ವಿಮಾನ ನಿಲ್ದಾಣದವರು ಆರು ದಿನದವರೆಗೆ ಕ್ವಾರಂಟೈನಿನಲ್ಲಿ ಇಡಬಹುದು.